ಪದಪಟ್ಟಿ ಬಿಡಿ, ಪದಪೆಟ್ಟಿಗೆ ಮಾಡಿ

ಕಾನೂನು ಓದುವ ಆಸೆಯಿರುವ ಮಕ್ಕಳು ಮಡಿಕೇರಿ, ವಿರಾಜಪೇಟೆ, ಪೊನ್ನಂಪೇಟೆ ಕಡೆ ಬೇಕಾದಷ್ಟಿದ್ದಾರೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ಗೆ ಸೇರಬೇಕೆಂದರೆ ಕ್ಲಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಅದರ ಇಂಗ್ಲಿಷ್ ನೆನೆದೇ ಎಷ್ಟೋ ಮಕ್ಕಳು ಹಿಂದೆ ಸರಿಯುತ್ತಾರೆ. ಇನ್ನು ಕೆಲವರು ದಪ್ಪ ಪದಪಟ್ಟಿ ಹಿಡಿದು ಉರು ಹೊಡೆಯುತ್ತಾರೆ. ಎರಡೂ ಬೇಡ.

ಪರೀಕ್ಷೆ 2 ಗಂಟೆ, 120 ಪ್ರಶ್ನೆ. ಇಂಗ್ಲಿಷ್ ಭಾಗದಲ್ಲಿ ಸುಮಾರು 450 ಪದಗಳ ಬರಹ ಕೊಟ್ಟು ಅದರ ಮೇಲೆಯೇ ಕೇಳುತ್ತಾರೆ. ಪದದ ಅರ್ಥ ಕೇಳಿದರೂ ಆ ಸಾಲಿನಲ್ಲಿ ಅದಕ್ಕೆ ಏನರ್ಥ ಅನ್ನುವುದೇ ಮುಖ್ಯ. ತಪ್ಪಿದರೆ 0.25 ಅಂಕ ಕಳೆಯುತ್ತಾರೆ.

ಹಾಗಾಗಿ ಮೊದಲು ಓದು. ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಸಾಕು. ಗೊತ್ತಿಲ್ಲದ ಪದಕ್ಕೆ ಗೆರೆ ಎಳೆಯಿರಿ, ಅರ್ಥ ಊಹಿಸಿ, ಆಮೇಲೆ ನಿಘಂಟು ನೋಡಿ. ಊಹಿಸುವ ಕೆಲಸ ತಪ್ಪಿಸಬೇಡಿ, ಪರೀಕ್ಷೆಯಲ್ಲಿ ಕೈಹಿಡಿಯುವುದು ಅದೇ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವಂತಿಲ್ಲ ಅಲ್ವಾ, ಮನೆಯಲ್ಲಿ ಪುಸ್ತಕದ ನಿಘಂಟೇ ಇರಲಿ.

ಆಮೇಲೆ ಚೀಟಿ. ದಿನಕ್ಕೆ ಐದೇ ಪದ. ಒಂದು ಬದಿ ‘ರಿಲಕ್ಟಂಟ್’ ಎಂದು ಬರೆಯಿರಿ. ಹಿಂಬದಿಯಲ್ಲಿ ‘ಮನಸ್ಸಿಲ್ಲದ, ಹಿಂಜರಿಯುವ’ ಎಂಬ ಅರ್ಥ, ಕೆಳಗೆ ನಿಮ್ಮದೇ ಒಂದು ಇಂಗ್ಲಿಷ್ ವಾಕ್ಯ: ಆ ರೇಟಿಗೆ ರೊಬಸ್ಟಾ ಕಾಫಿ ಮಾರಲು ಬೆಳೆಗಾರರು ಹಿಂಜರಿದರು ಅನ್ನುವಂಥದ್ದು. ಪಕ್ಕದಲ್ಲೇ ‘ರೆಟಿಸೆಂಟ್’ ಸೇರಿಸಿ. ಅದು ಮಾತಾಡಲು ಹಿಂಜರಿಯುವವರಿಗೆ ಹೇಳುವ ಪದ. ಇಂಥ ಜೋಡಿಗಳಲ್ಲೇ ಜಾಸ್ತಿ ಎಡವುವುದು.

ಈಗ ಪೆಟ್ಟಿಗೆ. ಜರ್ಮನ್ ಭಾಷೆಯಲ್ಲಿ ಬರೆಯುತ್ತಿದ್ದ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಹೇಳಿಕೊಟ್ಟ ದಾರಿ ಇದು. ಡಬ್ಬಿಯಲ್ಲಿ ಐದು ಖಾನೆ ಮಾಡಿ. ಹೊಸ ಚೀಟಿ ಮೊದಲ ಖಾನೆಗೆ, ಅದನ್ನು ದಿನಾ ನೋಡಬೇಕು. ಅರ್ಥ ಸರಿ ಹೇಳಿದರೆ ಚೀಟಿ ಮುಂದಿನ ಖಾನೆಗೆ, ತಪ್ಪಿದರೆ ಮತ್ತೆ ಮೊದಲಕ್ಕೆ. ಎರಡನೆಯದನ್ನು ಎರಡು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ಉಳಿದವನ್ನು ಇನ್ನೂ ಬಿಡುವು ಕೊಟ್ಟು ನೋಡಿ. ಮರೆಯುವ ಹೊತ್ತಿಗೆ ಸರಿಯಾಗಿ ಪದ ಎದುರು ಬರುತ್ತದೆ, ಅದಕ್ಕೇ ಉಳಿಯುತ್ತದೆ.

ಲ್ಯಾಟಿನ್ ಮೂಲಗಳನ್ನೂ ಸ್ವಲ್ಪ ಕಲಿಯಿರಿ. ‘ಬೆನೆ’ ಒಳ್ಳೆಯದು, ‘ಮಾಲ್’ ಕೆಟ್ಟದ್ದು ಎಂದು ಗೊತ್ತಿದ್ದರೆ ಬೆನೆವೊಲೆಂಟ್, ಮಾಲಿಸ್ ಎರಡೂ ಅರ್ಧ ಬಿಡಿಸಿದಂತೆ.

ಈಚಿನ ವರ್ಷಗಳಲ್ಲಿ ಕ್ಲಾಟ್ ಡಿಸೆಂಬರ್‌ನಲ್ಲಿ ನಡೆಯುತ್ತಿದೆ. ಅದು ಅರೇಬಿಕಾ ಕಾಫಿ ಕುಯ್ಲಿನ ಕಾಲ, ಮನೆಯಲ್ಲಿ ಎಲ್ಲರಿಗೂ ಕೆಲಸ. ಆದ್ದರಿಂದ ಜೂನ್‌ನಲ್ಲೇ ಶುರು ಮಾಡಿ. ನವೆಂಬರ್‌ನಲ್ಲಿ ಹೊಸ ಪದ ಬೇಡ, ಹಳೇ ಪ್ರಶ್ನೆಪತ್ರಿಕೆ ಮತ್ತು ಪೆಟ್ಟಿಗೆ ಎರಡೇ ಸಾಕು.