ನಾಟಕ ಇಲ್ಲದ ತಿಂಗಳುಗಳ ಕೆಲಸ

ಮಂಡ್ಯ ಕಡೆ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಹುಚ್ಚು ಜಾಸ್ತಿ. ಆದರೆ ಎಷ್ಟೋ ಊರುಗಳಲ್ಲಿ ತಂಡ ಅನ್ನುವುದು ಒಂದು ನಾಟಕದ ಮಟ್ಟಿಗೆ ಮಾತ್ರ ಇರುತ್ತದೆ. ನಾಟಕ ಕಲಿಸುವ ಮೇಷ್ಟ್ರನ್ನು ಕರೆಸುತ್ತಾರೆ, ಕಲಿಯುತ್ತಾರೆ, ಒಂದು ರಾತ್ರಿ ಆಡುತ್ತಾರೆ. ಬೆಳಿಗ್ಗೆ ಸೀನರಿ ಲಾರಿ ಹೊರಟಿತು ಅಂದರೆ ತಂಡವೂ ಮುಗಿಯಿತು. ನಮ್ಮ ಸಂಘ ಹಾಗೆ ಚದುರದೆ ಉಳಿದಿದೆ. ಕಾರ್ಯದರ್ಶಿಯಾಗಿ ಹತ್ತಿರದಿಂದ ನೋಡಿದವನು ನಾನು. ನಾಟಕ ಇಲ್ಲದ ತಿಂಗಳುಗಳಲ್ಲಿ ಮಾಡುವ ಕೆಲಸದಿಂದಲೇ ಸಂಘ ಉಳಿದಿದೆ ಅಂತ ಧೈರ್ಯವಾಗಿ ಹೇಳುತ್ತೇನೆ.

ನಮ್ಮ ವರ್ಷ ಶುರುವಾಗುವುದು ಯುಗಾದಿ ಕಳೆದ ಮೇಲೆ, ನಾಟಕ ಆಡಿ ಮುಗಿಸಿದ ವಾರದಲ್ಲೇ. ಮೊದಲ ಕೆಲಸ ಲೆಕ್ಕ. ಸೀನರಿ ಬಾಡಿಗೆ, ಮೇಷ್ಟ್ರ ಸಂಭಾವನೆ, ತಬಲಾ, ಮೈಕು, ಊಟ ಎಲ್ಲವನ್ನೂ ಬರೆದು ಊರ ಮಧ್ಯದ ಗೋಡೆಗೆ ಅಂಟಿಸುತ್ತೇವೆ. ಯಾರು ಬೇಕಾದರೂ ನಿಂತು ಓದಬಹುದು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದು. 7 ಜನ ಸೇರಿದರೆ ಅದರಡಿ ಸಂಘ ನೋಂದಾಯಿಸಬಹುದು. ನಾವೂ ಮಾಡಿಸಿದ್ದೇವೆ. ಆದರೆ ಊರಿನವರ ನಂಬಿಕೆ ಬಂದದ್ದು ಆ ಪತ್ರದಿಂದಲ್ಲ, ಗೋಡೆ ಮೇಲಿನ ಲೆಕ್ಕದಿಂದ.

ನಾಲೆಗೆ ನೀರು ಬಿಟ್ಟರೆ ಊರಿಗೆ ಊರೇ ನಾಟಿಗೆ ಇಳಿಯುತ್ತದೆ. ಆಗ ತಾಲೀಮಿಗೆ ಬನ್ನಿ ಅಂತ ಕರೆಯುವುದು ಸರಿಯಲ್ಲ. ಬೆನ್ನು ಬಗ್ಗಿಸಿ ದುಡಿದವನಿಗೆ ರಾತ್ರಿ ನಿದ್ದೆ ಬೇಕು, ಅಲ್ವಾ? ಹಾಗಾಗಿ ಸೋಮವಾರ ಸಂಜೆ ಮಾತ್ರ ಸೇರುತ್ತೇವೆ. ನಮ್ಮಲ್ಲಿ ಸೋಮವಾರ ಆರು, ಅಂದರೆ ನೇಗಿಲು, ಕಟ್ಟುವುದಿಲ್ಲ, ಎತ್ತಿಗೂ ಬಿಡುವು. ಹಾರ್ಮೋನಿಯಂ ಇಲ್ಲ, ರಾಗ ಇಲ್ಲ, ಪಾತ್ರ ಹಂಚಿಕೆಯೂ ಇಲ್ಲ. ಸುಮ್ನೆ ಓದುವುದು. ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ. ಯಾರ ಮಾತನ್ನು ಯಾರು ಬೇಕಾದರೂ ಓದುತ್ತಾರೆ.

ಇದು ಹೆಗ್ಗೋಡಿನವರ ನಾಟಕ ನೋಡಿದಾಗ ನನಗೆ ಹೊಳೆದದ್ದು. ಸಾಗರ ತಾಲ್ಲೂಕಿನ ಆ ಪುಟ್ಟ ಊರಿನಲ್ಲಿ 1949ರಲ್ಲಿ ಹುಟ್ಟಿದ ನಾಟಕ ಸಂಘವೇ ನೀನಾಸಂ. ತಿರುಗಾಟ ಅನ್ನುವ ಅವರ ಸಂಚಾರಿ ತಂಡ 1985ರಿಂದ ನಾಡೆಲ್ಲ ಸುತ್ತುತ್ತಿದೆ. ಆ ನಟರನ್ನು ನೋಡಿ ನಾನು ಗಮನಿಸಿದ್ದು ಒಂದೇ. ಎದುರಿನವನು ಮಾತಾಡುವಾಗ ಇವರು ನಿಜವಾಗಿ ಕೇಳಿಸಿಕೊಳ್ಳುತ್ತಾರೆ. ನಮ್ಮಲ್ಲಿ ಹಾಗಿರಲಿಲ್ಲ. ಪ್ರತಿಯೊಬ್ಬನೂ ತನ್ನ ಪದ್ಯ, ತನ್ನ ಮಾತು, ತನಗೆ ಮುಂಚಿನ ಒಂದು ಸಾಲು, ಇಷ್ಟನ್ನೇ ಕಲಿಯುತ್ತಿದ್ದ. ಉಳಿದದ್ದು ಅವನಿಗೆ ಗೊತ್ತೇ ಇರುತ್ತಿರಲಿಲ್ಲ. ಈಗ ಕರ್ಣನ ಪಾತ್ರ ಮಾಡುವವನು ಕುಂತಿಯ ಮಾತನ್ನೂ ತನ್ನ ಬಾಯಲ್ಲಿ ಓದಿರುತ್ತಾನೆ. ಅವಳು ಮಗನೇ ಅಂದಾಗ ಅವನ ಮುಖ ಬದಲಾಗುತ್ತದೆ. ಯಾರೂ ಹೇಳಿಕೊಡಬೇಕಾಗಿಲ್ಲ.

ದೀಪಾವಳಿ ಆದ ಮೇಲೆ ಪಾತ್ರ ಹಂಚುತ್ತೇವೆ. ವರ್ಷದಲ್ಲಿ ಕಷ್ಟದ ಕೆಲಸ ಇದು. ನಮ್ಮ ಕಡೆ ಪಾತ್ರಕ್ಕೆ ರೇಟು ಇಡುವುದು ಹಳೇ ರೂಢಿ. ಕುರುಕ್ಷೇತ್ರ ಅಂದರೆ ದುರ್ಯೋಧನನಿಗೆ ಜಾಸ್ತಿ ದುಡ್ಡು, ಚಿಕ್ಕ ಪಾತ್ರಕ್ಕೆ ಕಡಿಮೆ. ಕೃಷ್ಣನನ್ನು ಎರಡು ಮೂರು ಜನರಿಗೆ ಹಂಚಿದರೆ ಅಷ್ಟು ಜನ ದುಡ್ಡು ಕೊಡುತ್ತಾರೆ. ಖರ್ಚಿನ ದುಡ್ಡು ಹುಟ್ಟುವುದು ಹೀಗೇ. ಈ ರೂಢಿಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಒಂದು ರಾತ್ರಿ ಗದೆ ಹಿಡಿದು ನಿಲ್ಲಲು ಕಬ್ಬಿನ ದುಡ್ಡಿನಲ್ಲಿ ಎತ್ತಿಟ್ಟವನ ಆಸೆ ದೊಡ್ಡದು. ಆದರೆ ದನಿ ಇದ್ದೂ ದುಡ್ಡಿಲ್ಲದವನು ಬಾಗಿಲು ಕಾಯುವ ದೂತನಾಗಿಯೇ ಉಳಿಯುವುದು ನನಗೆ ಸಹಿಸಲಾಗದ ಮಾತು. ನಾವು ಎಲ್ಲರಿಗೂ ಒಂದೇ ವಂತಿಗೆ ಇಟ್ಟೆವು. ಉಳಿದದ್ದನ್ನು ಊರೊಟ್ಟಿನಲ್ಲಿ ಎತ್ತುತ್ತೇವೆ. ಮಳೆಗಾಲವೆಲ್ಲ ಓದು ಕೇಳಿರುವುದರಿಂದ ಯಾವ ಪಾತ್ರ ಯಾರಿಗೆ ಒಪ್ಪುತ್ತದೆ ಅನ್ನುವುದು ಆ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿರುತ್ತದೆ. ಜಗಳ ಇಲ್ಲವೇ ಇಲ್ಲ ಅನ್ನಲಾರೆ. ಕೂತು ಮಾತಾಡಿದರೆ ಮುಗಿಯುವಷ್ಟು ಇರುತ್ತದೆ.

ಸುಗ್ಗಿ ಮುಗಿದು ಸಂಕ್ರಾಂತಿ ಕಳೆದರೆ ಮೇಷ್ಟ್ರು ಬರುತ್ತಾರೆ. ಊಟ ಆದ ಮೇಲೆ ತಾಲೀಮು. ಮೊದಲು ಶ್ರುತಿ ನೋಡುತ್ತಾರೆ. ಯಾರ ದನಿ ಎಷ್ಟು ಮೇಲಕ್ಕೆ ಹೋಗುತ್ತದೋ ಅಲ್ಲಿಗೆ ಪದ್ಯ ಹೊಂದಿಸುತ್ತಾರೆ. ಕಲಿಯುವುದೆಲ್ಲ ಕಿವಿಯಿಂದ. ನಮ್ಮ ಹಾಡಿಕೆ ವೃತ್ತಿ ನಾಟಕ ಕಂಪನಿಗಳಿಂದ ಬಂದದ್ದು. ಗುಬ್ಬಿ ಕಂಪನಿ ಶುರುವಾದ 1884ರಲ್ಲಿ ಮೈಕ್ ಎಲ್ಲಿತ್ತು? ಕೊನೇ ಸಾಲಿನವನಿಗೆ ಕೇಳುವಂತೆ ಹಾಡಲೇಬೇಕಿತ್ತು. ಅದಕ್ಕೇ ನಮ್ಮ ಮೇಷ್ಟ್ರು ಕೊನೇ ವಾರದ ತನಕ ಮೈಕ್ ಮುಟ್ಟಲು ಬಿಡುವುದಿಲ್ಲ. ಅವರು ಮಾಡುವುದು ಪೂರ್ತಿ ಸರಿ. ಮೈಕ್ ನಂಬಿದ ದನಿ ಗಂಟಲಲ್ಲೇ ನಿಲ್ಲುತ್ತದೆ.

ನಮ್ಮ ನಾಟಕ ಬೆಳಗಾಗುವ ತನಕ ನಡೆಯುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರ ತನಕ ಸರ್ಕಾರ ಅವಕಾಶ ಕೊಡಬಹುದು. ನಾವು ಮುಂಚೆಯೇ ಅನುಮತಿ ಪಡೆದು, ಹೊತ್ತು ಮುಳುಗುವಾಗ ಶುರುಮಾಡಿ 12ಕ್ಕೆ ಮಂಗಳ ಹಾಡುತ್ತೇವೆ.

ರಾತ್ರಿಪೂರ್ತಿಯ ನಾಟಕವನ್ನು ಇಷ್ಟಕ್ಕೆ ಇಳಿಸುವುದು ಸುಲಭವಲ್ಲ. ಒಂದು ಪದ್ಯ ತೆಗೆದರೂ ಹಾಡುವವನಿಗೆ ಸಂಕಟ. ಪಾತ್ರ ಹಂಚಿದ ಮೇಲೆ ಕತ್ತರಿ ಹಾಕಿದರೆ ನನ್ನದನ್ನೇ ಯಾಕೆ ತೆಗೆದಿರಿ ಅಂತ ಬರುತ್ತದೆ. ಅದಕ್ಕೆ ಕತ್ತರಿ ಕೆಲಸವೂ ಮಳೆಗಾಲದಲ್ಲೇ. ಆಗ ಯಾವ ಪದ್ಯವೂ ಯಾರದ್ದೂ ಅಲ್ಲ. ಒಂದೇ ಅರ್ಥದ ಎರಡು ಪದ್ಯ ಇದ್ದರೆ ಒಂದನ್ನು ಬಿಡುತ್ತೇವೆ. ಪ್ರವೇಶದ ಹಾಡುಗಳನ್ನು ಕುಗ್ಗಿಸುತ್ತೇವೆ. ಕೃಷ್ಣ ಸಂಧಾನವನ್ನೂ ಕರ್ಣ ಕುಂತಿಯರ ಭೇಟಿಯನ್ನೂ ಮುಟ್ಟುವುದಿಲ್ಲ. ಊರಿನವರು ಕಾದು ಕೂರುವುದೇ ಅವಕ್ಕೆ. ನೆಂಟರು ರಂಗದ ಮೇಲೆ ಬಂದು ಹಾರ ಹಾಕುವುದನ್ನೂ ಪ್ರಾರ್ಥನೆಗೆ ಮುಂಚೆಯೇ ಮುಗಿಸುತ್ತೇವೆ. ದೃಶ್ಯದ ನಡುವೆ ಹಾರ ಬಿದ್ದರೆ ದುರ್ಯೋಧನ ಹೋಗಿ ಪಕ್ಕದ ಮನೆಯವನು ನಿಂತುಬಿಡುತ್ತಾನೆ.

ಹೆಣ್ಣು ಪಾತ್ರಗಳಿಗೆ ಹೊರಗಿನ ಕಲಾವಿದೆಯರನ್ನು ಕರೆಸುತ್ತಿದ್ದೆವು. ನಾಟಕದ ದಿನ ಮಧ್ಯಾಹ್ನ ಬಂದು, ಒಂದು ಸಲ ಮಾತು ಒಪ್ಪಿಸಿ, ರಾತ್ರಿ ಅಚ್ಚುಕಟ್ಟಾಗಿ ನಿಭಾಯಿಸುತ್ತಾರೆ. ಇದೇ ಅವರ ಜೀವನ, ಅವರ ಮೇಲೆ ನನಗೆ ತುಂಬ ಗೌರವ. ಆದರೆ ಸೋಮವಾರದ ಓದಿಗೆ ನಮ್ಮೂರಿನ ಹೆಂಗಸರೂ ಬರತೊಡಗಿದರು. ಅವರಲ್ಲೊಬ್ಬರು ಕುಂತಿಯ ಮಾತು ಓದಿದ ರೀತಿಗೆ, ಅವತ್ತು ಬಂದಿದ್ದ ಮೇಷ್ಟ್ರೇ ಹಾರ್ಮೋನಿಯಂ ಪೆಟ್ಟಿಗೆ ತೆರೆದು ಶ್ರುತಿ ಹಿಡಿದರು. ಕಳೆದ ವರ್ಷ ಆ ಪಾತ್ರ ಅವರದೇ ಆಯಿತು. ಈ ವರ್ಷ ದ್ರೌಪದಿಗೂ ಊರಿನವರೇ ಸಿಕ್ಕಿದ್ದಾರೆ. ತಾಲೀಮು ಬೇಗ ಮುಗಿಯಬೇಕು ಅಂತ ಇಬ್ಬರೂ ಕೇಳಿದ್ದಾರೆ. ಅವರ ದೃಶ್ಯಗಳನ್ನು ಮೊದಲೇ ತೆಗೆದುಕೊಳ್ಳುವಂತೆ ಮೇಷ್ಟ್ರು ಪಟ್ಟಿ ಬದಲಾಯಿಸಿದ್ದಾರೆ.