ಕೊಳೆಯದ ಗೋವಿನಜೋಳದ ದಂಟು: ನನ್ನ ಅನುಭವ

ಹುಬ್ಬಳ್ಳಿಯ ಅಂಚಿನಲ್ಲಿರುವ ನಮ್ಮ ಎರಡು ಎರೆಹೊಲಗಳ ನಡುವೆ ಒಂದು ಬದು ಮಾತ್ರ ಇದೆ. ಆದರೂ ಗೋವಿನಜೋಳದ ದಂಟು ಕೆಳಗಿನ ಹೊಲದಲ್ಲಷ್ಟೇ ಮುಂದಿನ ಮುಂಗಾರಿನವರೆಗೂ ಕೊಳೆಯದೆ ಉಳಿದು ಕುಂಟೆಗೆ ಸಿಕ್ಕಿಕೊಳ್ಳುತ್ತಿತ್ತು. ತಂದೆಯವರ ಕಾಲದಿಂದಲೂ ಆ ಹೊಲಕ್ಕೆ ಪಟ್ಟಣದ ಕಸದ ಗೊಬ್ಬರ ಹೇರುತ್ತಿದ್ದೆವು, ಬೇಸಿಗೆಯ ಕಾಯಿಪಲ್ಲೆಗೆ ಗಟಾರದ ನೀರನ್ನೂ ಹಾಯಿಸುತ್ತಿದ್ದೆವು. ಮೇಲಿನ ಹೊಲ ಕಂಡಿದ್ದು ಮಳೆ ಮತ್ತು ತಿಪ್ಪೆಗೊಬ್ಬರವನ್ನು ಮಾತ್ರ. ಬಾಟಲಿಯಲ್ಲಿ ಸಿಗುವ, ಕಸ ಕೊಳೆಸುವ ಸೂಕ್ಷ್ಮಜೀವಿಗಳ ದ್ರಾವಣವನ್ನು ಎರಡು ವರ್ಷ ಸಿಂಪಡಿಸಿದರೂ ಫಲ ಕಾಣಲಿಲ್ಲ.

ಮಣ್ಣು ಪರೀಕ್ಷೆಯಲ್ಲಿ ಕೆಳಗಿನ ಹೊಲದ ತಾಮ್ರ, ಸತು, ಸೀಸ ಮೂರೂ ಹೆಚ್ಚಾಗಿದ್ದವು. ಆದರೆ ಸುಣ್ಣದಂಶವಿರುವ, ರಸಸಾರ 8 ದಾಟಿದ ಎರೆಮಣ್ಣು ಲೋಹದ ಬಹುಪಾಲನ್ನು ಬಿಗಿಹಿಡಿದಿರುವುದರಿಂದ, ಒಟ್ಟು ಪ್ರಮಾಣವೊಂದನ್ನೇ ನೋಡಿ ತೀರ್ಮಾನಿಸಲು ಬರುವುದಿಲ್ಲ. ಹಾಗಾಗಿ ಡಿಟಿಪಿಎ ಎಂಬ ರಾಸಾಯನಿಕದ ದ್ರಾವಣದಿಂದ ಅಳೆಯುವ ಲಭ್ಯ ಪ್ರಮಾಣವನ್ನೂ, ಅಂದರೆ ಮಣ್ಣಿನ ಬಿಗಿಹಿಡಿತಕ್ಕೆ ಸಿಗದೆ ಗಿಡಗಳಿಗೆ ದಕ್ಕುವ ಭಾಗವನ್ನೂ ನೋಡಿಸಿದೆ. ಅದೂ ಹೆಚ್ಚೇ ಇತ್ತು. ಗಟಾರದ ನೀರು ಉಪ್ಪನ್ನೂ ತರುತ್ತದೆ. ಉಪ್ಪಿನಂಶವನ್ನು ತೋರಿಸುವ ವಿದ್ಯುತ್ ವಾಹಕತೆಯಲ್ಲಿ ಎರಡು ಹೊಲಗಳಿಗೆ ಹೆಚ್ಚು ವ್ಯತ್ಯಾಸವಿಲ್ಲದ ಕಾರಣ ಆ ಸಂಶಯವನ್ನು ಬದಿಗಿಟ್ಟೆ.

ಅನಂತರ ಒಣ ದಂಟಿನ ತುಂಡುಗಳನ್ನು 20 ಗ್ರಾಂನಂತೆ ತೂಗಿ ನೈಲಾನ್ ಚೀಲಗಳಲ್ಲಿ ತುಂಬಿದೆ. ಅರ್ಧ ಚೀಲಗಳು ಎರೆಹುಳು ಸಲೀಸಾಗಿ ನುಸುಳುವ 5 ಮಿಲಿಮೀಟರ್ ಕಣ್ಣಿನ ಬಲೆಯವು, ಉಳಿದರ್ಧ ಅದು ನುಸುಳಲಾಗದ ಸೊಳ್ಳೆಪರದೆಯವು. ಎಲ್ಲವನ್ನೂ ಜೂನ್‌ನಲ್ಲಿ 10 ಸೆಂಟಿಮೀಟರ್ ಆಳದಲ್ಲಿ ಹೂತು ಅಕ್ಟೋಬರ್‌ನಲ್ಲಿ ತೆಗೆದೆ. ಮೊದಲ ವರ್ಷ, ಅಂಟಿದ ಎರೆಮಣ್ಣಿನ ಸಮೇತ ತೂಗಿದ್ದರಿಂದ ಕೆಲವು ಚೀಲಗಳ ತೂಕ ಇಳಿಯುವ ಬದಲು ಏರಿತ್ತು! ಮರುವರ್ಷ ಜರಡಿಯ ಮೇಲೆ ತೊಳೆದು, ತೂಕ ನಿಲ್ಲುವವರೆಗೆ ಬಿಸಿಲಿಗೆ ಹಾಕಿದೆ.

ಸೊಳ್ಳೆಪರದೆಯ ಚೀಲಗಳಲ್ಲಿ ಎರಡು ಹೊಲಗಳ ನಡುವಿನ ಅಂತರ ಅಲ್ಪವಾಗಿತ್ತು. ದೊಡ್ಡ ಕಣ್ಣಿನ ಚೀಲಗಳಲ್ಲಾದರೆ, ಮೇಲಿನ ಹೊಲದಲ್ಲಿ ಅರ್ಧಕ್ಕಿಂತ ಹೆಚ್ಚು ದಂಟು ಕರಗಿತ್ತು, ಕೆಳಗಿನದರಲ್ಲಿ ಸೊಳ್ಳೆಪರದೆಯೊಳಗಿನಷ್ಟೇ ಉಳಿದಿತ್ತು. ಅಂದರೆ ಸೂಕ್ಷ್ಮಜೀವಿಗಳು ಕೆಲಸ ಬಿಟ್ಟಿರಲಿಲ್ಲ. ಕಸವನ್ನು ತುಂಡರಿಸಿ, ಮಣ್ಣಿನೊಳಗೆ ಎಳೆದು ಅವುಗಳ ಬಾಯಿಗೆ ಕೊಡುವಷ್ಟು ಎರೆಹುಳುಗಳೇ ಇರಲಿಲ್ಲ. ಬಾಟಲಿಯ ದ್ರಾವಣ ಫಲಿಸದ ಕಾರಣ ಆಗ ಹೊಳೆಯಿತು. ಇಂಗ್ಲೆಂಡಿನ ಏವನ್‌ಮೌತ್‌ನಲ್ಲಿ ಸತು-ಸೀಸ ಕರಗಿಸುತ್ತಿದ್ದ ಕಾರ್ಖಾನೆಯ ಸುತ್ತಲಿನ ಕಾಡಿನಲ್ಲೂ ಎರೆಹುಳುಗಳಿಲ್ಲದೆ ತರಗೆಲೆ ದಪ್ಪವಾಗಿ ಶೇಖರಗೊಂಡಿತ್ತು.

25 ಸೆಂಟಿಮೀಟರ್ ಚೌಕದ ಗುಂಡಿಗಳನ್ನು ಅಗೆದು ಮಣ್ಣನ್ನು ಕೈಯಿಂದ ಬಿಡಿಸಿ ನೋಡಿದೆ. ಕೆಳಗಿನ ಹೊಲದಲ್ಲಿ ಬೆಳೆದ ಹುಳುಗಳು ಅಲ್ಲೊಂದು ಇಲ್ಲೊಂದು ಸಿಕ್ಕವೇ ಹೊರತು ಮರಿಯಾಗಲಿ ಮೊಟ್ಟೆಯ ಕೋಶವಾಗಲಿ ಸಿಗಲಿಲ್ಲ. ತಾಮ್ರವು ಎರೆಹುಳುವನ್ನು ಕೊಲ್ಲುವ ಮಟ್ಟಕ್ಕಿಂತ ಬಹಳ ಮೊದಲೇ ಅದರ ಸಂತಾನವನ್ನು ಕುಗ್ಗಿಸುತ್ತದೆ.

ಕಸದ ಗೊಬ್ಬರ ಮತ್ತು ಗಟಾರದ ನೀರು ಎರಡನ್ನೂ ನಿಲ್ಲಿಸಿದೆ. ರಸಗೊಬ್ಬರ ನಿಯಂತ್ರಣ ಆದೇಶದಂತೆ ನಗರ ಗೊಬ್ಬರದ ಒಂದು ಕಿಲೋದಲ್ಲಿ ತಾಮ್ರ 300, ಸತು 1000, ಸೀಸ 100, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದು. ನಾವು ಹೇರಿದ ಗೊಬ್ಬರವನ್ನು ಯಾರೂ ಪರೀಕ್ಷಿಸಿರಲಿಲ್ಲ, ನಾವೂ ಕೇಳಿರಲಿಲ್ಲ. ಲೋಹವನ್ನು ಹಿಡಿದಿಡಲು ಸುಣ್ಣ ಹಾಕಿರೆಂಬ ಸಲಹೆ ಹುಳಿಮಣ್ಣಿಗೆ ಸರಿ, ಮೊದಲೇ ಸುಣ್ಣದಂಶವಿರುವ ನಮ್ಮ ಎರೆಗೆ ಅದರಿಂದ ಪ್ರಯೋಜನವಿಲ್ಲ. ಕ್ಯಾಡ್ಮಿಯಂ ಸೊಪ್ಪಿಗೆ ಸುಲಭವಾಗಿ ಏರುವುದರಿಂದ ಪಾಲಕ್ ಬಿಟ್ಟು ಹತ್ತಿ ಹಾಕಿದೆ, ದಂಟನ್ನು ಯಂತ್ರದಿಂದ ಸಣ್ಣಗೆ ಕತ್ತರಿಸಿ ತಿಪ್ಪೆಗೊಬ್ಬರದೊಂದಿಗೆ ಮಣ್ಣಿಗೆ ಸೇರಿಸುತ್ತಿದ್ದೇನೆ. ಮೂರನೆಯ ಮಳೆಗಾಲದಲ್ಲಿ ಅಗೆದ ಆರು ಗುಂಡಿಗಳ ಪೈಕಿ ಎರಡರಲ್ಲಿ ಮರಿಹುಳುಗಳು ಸಿಕ್ಕವು. ಎರಡೂ ಮೇಲಿನ ಹೊಲದ ಬದುವಿಗೆ ಹತ್ತಿರದವು.