ತೋಡಿನ ನೀರು ಅಳೆದು ನೋಡಿ: ಕೊಡಗಿನ ತೋಟದಲ್ಲಿ ಎಂಜಿನಿಯರಿಂಗ್ ಕಲಿತ ಕ್ರಮ

ಎಂಜಿನಿಯರ್ ಆಗಲು ಏನೇನು ಕಲಿಯಬೇಕು ಎಂದು ಪಿಯುಸಿ ಮಕ್ಕಳು ಕೇಳಿದರೆ ನಾನು ಒಂದೇ ಕೆಲಸ ಹೇಳುತ್ತೇನೆ. ಮನೆ ಹತ್ತಿರದ ತೋಡಿನಲ್ಲಿ, ಅಂದರೆ ಸಣ್ಣ ಹಳ್ಳದಲ್ಲಿ, ಸೆಕೆಂಡಿಗೆ ಎಷ್ಟು ಲೀಟರ್ ನೀರು ಹರಿಯುತ್ತದೆ, ಅಳೆದು ಬನ್ನಿ. ಒಂದು ವಿಧಾನದಲ್ಲಿ ಅಲ್ಲ, ಕನಿಷ್ಠ ಎರಡರಲ್ಲಿ. ಎರಡು ಉತ್ತರ ಹೊಂದದಿದ್ದರೆ ಎಲ್ಲಿ ತಪ್ಪಿತು ಎಂದು ಹುಡುಕಿ. ಈ ಹುಡುಕಾಟದಲ್ಲೇ ಎಂಜಿನಿಯರಿಂಗಿನ ಮುಕ್ಕಾಲು ಪಾಲು ಇದೆ. ಮೊದಲ ವರ್ಷದಲ್ಲಿ ನಾನು ಇದನ್ನು ಮಾಡಿದ ಕ್ರಮವನ್ನು ಅಳತೆ ಸಮೇತ ಇಲ್ಲಿ ಬರೆಯುತ್ತಿದ್ದೇನೆ.

ಬೇಕಾದ ಸಾಮಾನು ಹೆಚ್ಚೇನಿಲ್ಲ: 5 ಮೀಟರಿನ ಟೇಪು, ಸ್ಟೀಲ್ ಸ್ಕೇಲು, ಸ್ಟಾಪ್‌ವಾಚ್ ಇರುವ ಫೋನು, 10 ಮೀಟರ್ ಪಾರದರ್ಶಕ ಲೆವೆಲ್ ಟ್ಯೂಬ್ (ನೀರು ತುಂಬಿ ಎರಡು ಜಾಗದ ಮಟ್ಟ ಹೋಲಿಸುವ ಕೊಳವೆ), 200 ಲೀಟರಿನ ಒಂದು ಡ್ರಮ್ಮು, ಒಂದು ಉದ್ದ ನೋಟ್‌ಬುಕ್. ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಎಳೆಯಿರಿ: ಅಂದಾಜು, ಅಳತೆ, ವ್ಯತ್ಯಾಸ. ಅಳೆಯುವ ಮೊದಲೇ ಅಂದಾಜು ಬರೆಯಬೇಕು, ಪೆನ್ನಿನಲ್ಲಿ. ಆಮೇಲೆ ತಿದ್ದಬಾರದು. ಶುರುವಿನಲ್ಲಿ ಅಂದಾಜು ಮೂರು ಪಟ್ಟು ಆಚೀಚೆ ಇರುತ್ತದೆ. ಇಪ್ಪತ್ತು ಮೂವತ್ತು ಅಳತೆಯಾದ ಮೇಲೆ ಕಣ್ಣು ತಾನಾಗಿ ಪಳಗುತ್ತದೆ.

ಕಾಲ ಮುಖ್ಯ. ಕಕ್ಕಡದ (ಜುಲೈ, ಆಗಸ್ಟ್) ಮಳೆಯಲ್ಲಿ ತೋಡಿಗೆ ಇಳಿಯುವುದು ಅಪಾಯ, ಅಳತೆಯೂ ಸಿಗದು. ಸುಗ್ಗಿ ಹಬ್ಬ ಹುತ್ತರಿ (ನವೆಂಬರ್, ಡಿಸೆಂಬರ್) ಕಳೆದ ಮೇಲೆ ಹರಿವು ಸ್ಥಿರವಾಗುತ್ತದೆ. ಆಗ ಶುರು ಮಾಡಿ ವಾರಕ್ಕೊಮ್ಮೆ ಏಪ್ರಿಲ್ ತನಕ ಅಳೆಯಬೇಕು. ಯೋಜನೆಗೆ ಬೇಕಾದದ್ದು ಮಾರ್ಚ್, ಏಪ್ರಿಲ್‌ನ ಕಡಿಮೆ ಹರಿವು. ಡಿಸೆಂಬರಿನ ನೀರು ನೋಡಿ ಮೋಟಾರು ಕೊಂಡವರಿಗೆ ಮಾರ್ಚ್‌ನಲ್ಲಿ ಫುಟ್‌ವಾಲ್ವ್ (ನೀರೆಳೆಯುವ ಪೈಪಿನ ಬುಡದ ಕವಾಟ) ಗಾಳಿ ಎಳೆಯುತ್ತದೆ.

ಮೊದಲ ವಿಧಾನ ತೇಲಿಸುವುದು. ತೋಡು ನೆಟ್ಟಗೆ ಹರಿಯುವ 5 ಮೀಟರ್ ಜಾಗ ಹುಡುಕಿ ಎರಡು ಕಡೆ ದಾರ ಕಟ್ಟಿ. ತೇಲಿಸಲು ನಮ್ಮ ಕಿತ್ತಳೆಯಷ್ಟು ಒಳ್ಳೆಯದು ಬೇರೆ ಇಲ್ಲ. ಬಹುಪಾಲು ನೀರಿನಲ್ಲೇ ಮುಳುಗಿರುವುದರಿಂದ ಗಾಳಿಗೆ ಸಿಗದು, ಬಣ್ಣವೂ ಕಾಣುತ್ತದೆ. ಒಣ ಎಲೆ, ಥರ್ಮೋಕೋಲ್ ಬೇಡ, ಅವು ಗಾಳಿಯ ವೇಗ ಹೇಳುತ್ತವೆ. ಹತ್ತು ಸಲ ಬಿಟ್ಟು, ಕಲ್ಲಿಗೆ ಸಿಕ್ಕಿಕೊಂಡವನ್ನು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಅಗಲವನ್ನು ಮೂರು ಕಡೆ, ಪ್ರತಿ ಕಡೆ ಆಳವನ್ನು ಐದು ಕಡೆ ಅಳೆಯಿರಿ.

ನನಗೆ ಸಿಕ್ಕಿದ್ದು ಅಗಲ 0.6 ಮೀಟರ್, ಸರಾಸರಿ ಆಳ 6 ಸೆಂಟಿಮೀಟರ್, 5 ಮೀಟರಿಗೆ 28 ಸೆಕೆಂಡ್. ಹಾಗೆಯೇ ಗುಣಿಸಿದರೆ ಸೆಕೆಂಡಿಗೆ 6.4 ಲೀಟರ್ ಬರುತ್ತದೆ. ಇದು ತಪ್ಪು. ಮೇಲಿನ ನೀರು ವೇಗವಾಗಿ ಓಡುತ್ತದೆ, ತಳದ ನೀರನ್ನು ಕಲ್ಲು ತಡೆಯುತ್ತದೆ. ಹಾಗಾಗಿ ಒಂದು ಗುಣಕದಿಂದ ಇಳಿಸಬೇಕು: ಆಳವಾದ, ನಯವಾದ ಕಾಲುವೆಗೆ 0.85, ಕಲ್ಲು ತುಂಬಿದ ಆಳವಿಲ್ಲದ ತೋಡಿಗೆ 0.6ರಿಂದ 0.7. ಅಂದರೆ ಉತ್ತರ 3.9 ಇರಬಹುದು, 5.5 ಕೂಡ ಇರಬಹುದು. 0.7 ಹಿಡಿದರೆ 4.5. ಈ ವಿಧಾನ ಕೊಡುವುದು ಇಷ್ಟೇ ಎಂದು ಒಪ್ಪಿಕೊಂಡು ಮುಂದಿನದಕ್ಕೆ ಹೋಗಬೇಕು.

ಎರಡನೆಯದು ವಿ ನಾಚ್, ಅಂದರೆ 90 ಡಿಗ್ರಿ ಕೋನದ ಕಚ್ಚು ಕೊರೆದ ಹಲಗೆಯನ್ನು ತೋಡಿಗೆ ಅಡ್ಡ ನಿಲ್ಲಿಸುವುದು. ನಾನು ಬಳಸಿದ ಹಲಗೆ 90 ಸೆಂಟಿಮೀಟರ್ ಅಗಲ, 45 ಎತ್ತರ. ಕಚ್ಚಿನ ಆಳ 25, ಮೇಲ್ಬಾಯಿ 50. ಕೋನ 90 ಡಿಗ್ರಿಯಾದರೆ ಬಾಯಿ ಯಾವಾಗಲೂ ಆಳದ ಎರಡು ಪಟ್ಟು, ಹೀಗೆ ಪ್ರೊಟ್ರಾಕ್ಟರ್ ಇಲ್ಲದೆಯೂ ಪರೀಕ್ಷಿಸಬಹುದು. ಬರೀ ಮರದ ಅಂಚು ದಪ್ಪವಾಗಿ ನೀರು ಅದಕ್ಕೆ ಅಂಟಿಕೊಂಡು ಇಳಿಯುತ್ತದೆ. ಅಂಚಿಗೆ ತಗಡು ಬಡಿದು, ನೀರು ಚಿಮ್ಮಿ ದೂರ ಬೀಳುವಂತೆ ಮಾಡಬೇಕು. ಬೀಳುವ ನೀರಿನ ಹಿಂದೆ ಗಾಳಿ ಕಾಣಬೇಕು. ಕಚ್ಚಿನ ತುದಿಗಿಂತ ಕೆಳಗಡೆಯ ನೀರಿನ ಮಟ್ಟ ಕನಿಷ್ಠ 5 ಸೆಂಟಿಮೀಟರ್ ಕೆಳಗಿರಬೇಕು. ಬದಿಯ ಸಂದುಗಳನ್ನು ಜೇಡಿಮಣ್ಣು, ಮಣ್ಣು ತುಂಬಿದ ಗೋಣಿಚೀಲ, ಟಾರ್ಪಾಲಿನಿಂದ ಮುಚ್ಚಿ. ಹೊಸಬರ ಅಳತೆ ಕೆಡುವುದು ಬಹುತೇಕ ಇಲ್ಲೇ: ಹಲಗೆಯ ಅಡಿಯಿಂದ ಕಾಣದ ಹಾಗೆ ನೀರು ನುಸುಳುತ್ತಿರುತ್ತದೆ. ಅರಸಿನ ಕಲಸಿದ ನೀರನ್ನು ಹಲಗೆಯ ಹಿಂದೆ ತಳದ ಹತ್ತಿರ ಬಿಟ್ಟರೆ ಎಲ್ಲಿ ಹೊರಬರುತ್ತದೆ ಎಂದು ಗೊತ್ತಾಗುತ್ತದೆ.

ನೀರಿನ ಎತ್ತರವನ್ನು ಕಚ್ಚಿನ ಬಾಯಲ್ಲೇ ಅಳೆಯಬೇಡಿ. ಅಲ್ಲಿ ನೀರು ಆಗಲೇ ಬಾಗಿ ಇಳಿಯಲು ಶುರುವಾಗಿರುತ್ತದೆ, ಓದು ಕಡಿಮೆ ಬರುತ್ತದೆ. ಹಲಗೆಯಿಂದ ಒಂದು ಮೀಟರ್ ಹಿಂದೆ ಗೂಟ ಹೊಡೆದು, ಲೆವೆಲ್ ಟ್ಯೂಬ್ ಹಿಡಿದು ಗೂಟದ ತಲೆಯನ್ನು ಕಚ್ಚಿನ ತುದಿಯ ಮಟ್ಟಕ್ಕೆ ತನ್ನಿ. ಗೂಟದ ತಲೆಯ ಮೇಲೆ ನಿಂತ ನೀರೇ ನಮಗೆ ಬೇಕಾದ ಎತ್ತರ. ಅದನ್ನು ಮೀಟರಿನಲ್ಲಿ ಬರೆದು, 2.5ನೇ ಘಾತ ತೆಗೆದು, 1.38ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಎಂದು ಬರುತ್ತದೆ. ಸಾದಾ ಕ್ಯಾಲ್ಕ್ಯುಲೇಟರ್ ಸಾಕು, ವರ್ಗವನ್ನು ವರ್ಗಮೂಲದಿಂದ ಗುಣಿಸಿದರೆ 2.5ನೇ ಘಾತ. 5 ಸೆಂಟಿಮೀಟರಿಗೆ 0.77 ಲೀಟರ್, 8ಕ್ಕೆ 2.5, 10ಕ್ಕೆ 4.4, 12ಕ್ಕೆ 6.9, 15ಕ್ಕೆ 12 ಲೀಟರ್. 5ಕ್ಕಿಂತ ಕಡಿಮೆ ಇದ್ದರೆ ನೀರು ತಗಡಿಗೆ ಅಂಟುವುದರಿಂದ ನಂಬಬೇಡಿ.

ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. 10ರ ಬದಲು 11 ಎಂದು ಓದಿದರೆ 4.4 ಇದ್ದದ್ದು 5.5 ಆಗುತ್ತದೆ. ಎತ್ತರದಲ್ಲಿ ನೂರಕ್ಕೆ ಹತ್ತು ತಪ್ಪಿದರೆ ಹರಿವಿನಲ್ಲಿ ನೂರಕ್ಕೆ 27 ತಪ್ಪುತ್ತದೆ. ಘಾತ ಎಂದರೇನು ಎಂದು ನನಗೆ ನಿಜವಾಗಿ ಅರ್ಥವಾದದ್ದು ತರಗತಿಯಲ್ಲಿ ಅಲ್ಲ, ಈ ಗೂಟದ ಮೇಲೆ ಸ್ಕೇಲು ಹಿಡಿದಾಗ.

ಮೂರನೆಯದು ಡ್ರಮ್ಮು. ಕಚ್ಚಿನಿಂದ ಬೀಳುವ ನೀರನ್ನು ಅಗಲ ಪೈಪಿನಲ್ಲಿ ಹಿಡಿದು ಡ್ರಮ್ಮಿಗೆ ಬಿಡಿ. 200 ಲೀಟರ್ ತುಂಬಲು 46 ಸೆಕೆಂಡ್ ಆದರೆ 4.35 ಲೀಟರ್. 20 ಲೀಟರಿನ ಬಕೆಟ್ಟು ಇಷ್ಟು ಹರಿವಿಗೆ ಸಾಲದು. ಅದು ನಾಲ್ಕೂವರೆ ಸೆಕೆಂಡಿನಲ್ಲಿ ತುಂಬುತ್ತದೆ, ನಮ್ಮ ಬೆರಳೇ ಅರ್ಧ ಸೆಕೆಂಡ್ ತಡ ಮಾಡುತ್ತದೆ. ಈಗ ತೇಲಿಸಿದ್ದು 4.5, ಕಚ್ಚು (ಎತ್ತರ 10 ಸೆಂಟಿಮೀಟರ್) 4.4, ಡ್ರಮ್ಮು 4.35. ನೋಟ್‌ಬುಕ್ಕಿನಲ್ಲಿ 4.4 ಎಂದು ಬರೆಯಬಹುದು. ಕ್ಯಾಲ್ಕ್ಯುಲೇಟರ್ ತೋರಿಸಿತೆಂದು 4.364 ಎಂದು ಬರೆಯುವುದು ಸುಳ್ಳು ನಿಖರತೆ. ಸ್ಕೇಲಿನಲ್ಲಿ ಒಂದು ಮಿಲಿಮೀಟರನ್ನೇ ಕಷ್ಟಪಟ್ಟು ಓದಿದ್ದೇವೆ.

ಈ 4.4ರ ಬೆಲೆ ಏನು? ದಿನಕ್ಕೆ 3.8 ಲಕ್ಷ ಲೀಟರ್. ಒಂದು ಏಕರೆಗೆ ಒಂದು ಇಂಚು ಮಳೆ ಎಂದರೆ ಸುಮಾರು 1.03 ಲಕ್ಷ ಲೀಟರ್. ರೋಬಸ್ಟಾ ಕಾಫಿಗೆ ಹೂಮಳೆ (ಹೂ ಅರಳಿಸುವ ಬೇಸಿಗೆ ಮಳೆ) ತಪ್ಪಿದಾಗ ಸ್ಪ್ರಿಂಕ್ಲರಿನಲ್ಲಿ ಒಂದು ಇಂಚು ಕೊಡಬೇಕೆಂದರೆ ತೋಡಿನ ಇಡೀ ದಿನದ ನೀರು ಮೂರುಮುಕ್ಕಾಲು ಏಕರೆಗೂ ಸಾಲದು. ಅಷ್ಟನ್ನೂ ಎತ್ತಿದರೆ ಕೆಳಗಿನ ಗದ್ದೆ, ಕೆಳಗಿನ ಮನೆಯವರಿಗೆ ಏನೂ ಉಳಿಯುವುದಿಲ್ಲ. ತೋಟದಲ್ಲಿ ಕೆರೆ ಯಾಕೆ ತೋಡುತ್ತಾರೆ ಎನ್ನುವುದಕ್ಕೆ ಉತ್ತರ ಈ ಎರಡು ಸಂಖ್ಯೆಯಲ್ಲಿದೆ.

ಎತ್ತದೆ, ಹರಿದು ಹೋಗುವ ನೀರಿನಿಂದಲೇ ವಿದ್ಯುತ್ ತೆಗೆಯುವುದಾದರೆ ನೀರು ಮತ್ತೆ ತೋಡಿಗೇ ಸೇರುತ್ತದೆ. ಅದಕ್ಕೆ ಬೀಳುವ ಎತ್ತರ ಬೇಕು. ಫೋನಿನ ಎತ್ತರ ತೋರಿಸುವ ಆ್ಯಪ್ ಇಲ್ಲಿ ಕೆಲಸಕ್ಕೆ ಬಾರದು, 15 ಮೀಟರ್ ಅಳೆಯುವಲ್ಲಿ ಹತ್ತು ಮೀಟರ್ ತಪ್ಪಬಹುದು. ಗಾರೆಯವರ ಲೆವೆಲ್ ಟ್ಯೂಬನ್ನೇ ಹಿಡಿದು, ಮೆಟ್ಟಿಲು ಇಳಿದ ಹಾಗೆ ಒಂದೊಂದು ಮೀಟರಿನಂತೆ ಇಳಿಯುತ್ತಾ ಬನ್ನಿ. ಟ್ಯೂಬಿನಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ಮಟ್ಟ ಕೆಡುತ್ತದೆ. ಪ್ರತಿ ಹೆಜ್ಜೆಗೂ ಎರಡು ತುದಿಯನ್ನು ಅಕ್ಕಪಕ್ಕ ಹಿಡಿದು ನೀರು ಸಮ ಇದೆಯೇ ನೋಡಿ. ಮರುಪರೀಕ್ಷೆಗೆ ಮೇಲಿನಿಂದ ಕೆಳಗಿನವರೆಗೆ ಹೋಸ್ ಪೈಪ್ ಎಳೆದು, ಗಾಳಿಯೆಲ್ಲ ಹೋಗುವ ತನಕ ನೀರು ಬಿಟ್ಟು, ಕೆಳಗೆ ಪ್ರೆಷರ್ ಗೇಜ್ ಹಾಕಿ ಮುಚ್ಚಿ. ಚದರ ಸೆಂಟಿಮೀಟರಿಗೆ ಒಂದು ಕೆಜಿ ಒತ್ತಡ ಎಂದರೆ 10 ಮೀಟರ್ ನೀರು. 1.5 ತೋರಿಸಿದರೆ 15 ಮೀಟರ್. 4 ಕೆಜಿಯವರೆಗಿನ ಗೇಜ್ ತನ್ನಿ. 10 ಕೆಜಿಯದರಲ್ಲಿ ಒಂದೊಂದು ಗೆರೆಯೇ ಎರಡು ಮೀಟರ್ ಇರುತ್ತದೆ.

ಇನ್ನು ಪೈಪು. ಹೆಚ್ಚು ಹಣ ವ್ಯರ್ಥವಾಗುವುದು ಇಲ್ಲೇ. 100 ಮೀಟರ್ ಉದ್ದ, ಸೆಕೆಂಡಿಗೆ 4.4 ಲೀಟರ್. 63 ಮಿಲಿಮೀಟರ್ ಪಿವಿಸಿ ಹಾಕಿದರೆ, ಒಳವ್ಯಾಸ 58 ಎಂದು ಹಿಡಿದು, ಹೇಜನ್ ವಿಲಿಯಮ್ಸ್ ಸೂತ್ರದಂತೆ ಘರ್ಷಣೆಗೆ ಸುಮಾರು ನಾಲ್ಕೂವರೆ ಮೀಟರ್ ಹೋಗುತ್ತದೆ. 15ರಲ್ಲಿ ಉಳಿಯುವುದು ಹತ್ತೂವರೆ. 90 ಮಿಲಿಮೀಟರ್ ಹಾಕಿದರೆ, ಒಳವ್ಯಾಸ 84 ಎಂದು ಹಿಡಿದರೆ, ಹೋಗುವುದು ಮುಕ್ಕಾಲು ಮೀಟರ್ ಮಾತ್ರ. ನಷ್ಟ ಒಳವ್ಯಾಸದ ಸುಮಾರು ಐದನೇ ಘಾತಕ್ಕೆ ವಿಲೋಮ. ಶಕ್ತಿಯ ಲೆಕ್ಕ ಸುಲಭ: 9.81ನ್ನು ಲೀಟರಿನಿಂದ, ಉಳಿದ ಎತ್ತರದಿಂದ ಗುಣಿಸಿದರೆ ವ್ಯಾಟ್. ಸಣ್ಣ ಟರ್ಬೈನ್, ಜನರೇಟರ್ ಸೇರಿ ಅರ್ಧ ಸಿಗುತ್ತದೆ ಎಂದು ಹಿಡಿಯಿರಿ. 63ರಲ್ಲಿ ಸುಮಾರು 225 ವ್ಯಾಟ್, 90ರಲ್ಲಿ 305. ಹಗಲು ರಾತ್ರಿ ಓಡುವುದರಿಂದ 305 ವ್ಯಾಟ್ ದಿನಕ್ಕೆ 7 ಯೂನಿಟ್ ದಾಟುತ್ತದೆ. ಪೈಪಿನ ಬೆಲೆಯ ವ್ಯತ್ಯಾಸವನ್ನು ಈ 80 ವ್ಯಾಟಿನ ಎದುರು ಇಟ್ಟು ತೂಗುವುದೇ ವಿನ್ಯಾಸ.

ತೋಡಿನ ಪಂಪಿಗೆ ಮನೆಯಿಂದ ತಂತಿ ಎಳೆಯುವಾಗಲೂ ಇದೇ ಪಾಠ. 2.5 ಚದರ ಮಿಲಿಮೀಟರ್ ತಾಮ್ರದ ತಂತಿ 100 ಮೀಟರ್ ದೂರಕ್ಕೆ ಹೋಗಿ ಬರುವಾಗ ರೋಧ ಸುಮಾರು 1.5 ಓಮ್. ಓಡುವ ಮೋಟಾರು 7 ಆಂಪಿಯರ್ ಎಳೆದರೆ 10 ವೋಲ್ಟ್ ಹೋಗುತ್ತದೆ, ಚಿಂತೆಯಿಲ್ಲ. ಆದರೆ ಹೊರಡುವಾಗ ಐದು ಪಟ್ಟು ಎಳೆಯುತ್ತದೆ, ಆಗ 50 ವೋಲ್ಟ್ ಮಾಯ. ಮನೆಯಲ್ಲೇ 210 ಇದ್ದರೆ ಪಂಪಿಗೆ 160. ಮೋಟಾರು ಗುಂಯ್ ಎಂದು ನಿಲ್ಲುತ್ತದೆ, ವೈಂಡಿಂಗ್ ಸುಡುತ್ತದೆ. ಮೋಟಾರು ಕೆಟ್ಟಿದೆ ಎಂದು ಬಿಚ್ಚುವ ಮೊದಲು ತಂತಿಯ ದಪ್ಪ ನೋಡಿ. ಲೆಕ್ಕ ನೀವು ಮಾಡಿ, ತಂತಿ ಜೋಡಿಸಲು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರನ್ನೇ ಕರೆಯಿರಿ.

ಎಂಜಿನಿಯರಿಂಗ್ ಸೇರಲು ಬರೆಯುವ ಪ್ರವೇಶ ಪರೀಕ್ಷೆ ಸಿಇಟಿಯ ಬಗ್ಗೆ ಸ್ವಲ್ಪ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ತಲಾ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಳೆಯುವುದಿಲ್ಲ. ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅರ್ಧ. ನಮ್ಮ ಹಳ್ಳಿ ಮಕ್ಕಳು ಕಳೆದುಕೊಳ್ಳುವುದು ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ. 1ರಿಂದ 10ನೇ ತರಗತಿಯ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು. ಓದಿದ ಶಾಲೆ ಎರಡು ಮೂರಾದರೆ ಅಷ್ಟೂ ಕಡೆ ಅಲೆಯಬೇಕಾಗುತ್ತದೆ, ಪರೀಕ್ಷೆಗೆ ಮೊದಲೇ ಮಾಡಿಡಿ. ಎಸ್ಸೆಸ್ಸೆಲ್ಸಿ ನಂತರ ಡಿಪ್ಲೊಮಾ ಮಾಡಿದವರು ಡಿಸಿಇಟಿ (ಡಿಪ್ಲೊಮಾದವರ ಸಿಇಟಿ) ಬರೆದು ನೇರ ಎರಡನೇ ವರ್ಷಕ್ಕೆ ಸೇರಬಹುದು. ಕೈಕೆಲಸ ಬಲ್ಲವರಿಗೆ ಅದು ಒಳ್ಳೆಯ ದಾರಿ ಎಂದು ನನ್ನ ಅಭಿಪ್ರಾಯ, ಆದರೆ ಗಣಿತದಲ್ಲಿ ಕ್ಯಾಲ್ಕುಲಸ್ ಹಿಂದುಳಿಯದಂತೆ ನೋಡಿಕೊಳ್ಳಬೇಕು. ಜಿಲ್ಲೆಯಲ್ಲೇ ಓದುವವರಿಗೆ ಕುಶಾಲನಗರದಲ್ಲಿ ಸರಕಾರಿ ಎಂಜಿನಿಯರಿಂಗ್ ಕಾಲೇಜು, ಪೊನ್ನಂಪೇಟೆಯಲ್ಲಿ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇವೆ. ಎರಡೂ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯಲ್ಲಿ.

ಸಿವಿಲ್ ತೆಗೆದುಕೊಳ್ಳುವವರಿಗೆ ಬರೆಗಿಂತ, ಅಂದರೆ ಗುಡ್ಡದ ಕಡಿದಾದ ಬದಿಗಿಂತ, ದೊಡ್ಡ ಪಾಠಶಾಲೆ ಇಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ, 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಜಾರಿ ಜನ ಸತ್ತದ್ದು ನಮ್ಮ ಕಣ್ಣೆದುರೇ. ಮಳೆ ನೀರು ಮಣ್ಣಿನ ಸಂದುಗಳಲ್ಲಿ ತುಂಬಿ ಒತ್ತಡ ಹಾಕಿದಾಗ ಮಣ್ಣಿನ ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಬುಡವನ್ನು ನೆಟ್ಟಗೆ ಕಡಿದಿದ್ದರೆ ಆಧಾರವೂ ಇರುವುದಿಲ್ಲ.

ಮನೆ ಹಿಂದಿನ ತಡೆಗೋಡೆಯನ್ನೇ ಲೆಕ್ಕ ಹಾಕಿ. ಎರಡು ಮೀಟರ್ ಎತ್ತರದ ಗೋಡೆಯ ಒಂದು ಮೀಟರ್ ಉದ್ದಕ್ಕೆ ಒಣ ಮಣ್ಣು ತಳ್ಳುವುದು ಸುಮಾರು 1.2 ಟನ್. ಹಿಂದೆ ನೀರು ತುಂಬಿ ನಿಂತರೆ ನೀರೊಂದೇ 2 ಟನ್ ತಳ್ಳುತ್ತದೆ, ಮಣ್ಣಿನದೂ ಸೇರಿ ಎರಡೂವರೆ ಟನ್. ಗೋಡೆ ಅದೇ, ಹೊರೆ ಎರಡು ಪಟ್ಟು. ಆದ್ದರಿಂದ ನೀರು ಸೋರುವ 3 ಇಂಚಿನ ಪೈಪುಗಳನ್ನು ಒಂದೂವರೆ ಮೀಟರಿಗೊಂದರಂತೆ ಹೊರಗೆ ಇಳಿಜಾರಾಗಿ ಇಡಬೇಕು, ಹಿಂದೆ ಜಲ್ಲಿ ತುಂಬಬೇಕು. ಜಲ್ಲಿ ಇಲ್ಲದೆ ಪೈಪು ಮಾತ್ರ ಇಟ್ಟರೆ ಮೊದಲ ಮಳೆಗಾಲದಲ್ಲೇ ಕೆಸರು ಕಟ್ಟಿ ಮುಚ್ಚಿಹೋಗುತ್ತದೆ. ರಸ್ತೆ ಬದಿ ಹೊಟ್ಟೆ ಉಬ್ಬಿದ ಗೋಡೆ ಕಂಡರೆ ದೂರದಿಂದಲೇ ಈ ಪೈಪುಗಳಿಂದ ನೀರು ಬರುತ್ತಿದೆಯೇ ನೋಡಿ, ಅಡಿಯಲ್ಲಿ ನಿಲ್ಲಬೇಡಿ.

ಹಾರಂಗಿ ಅಣೆಕಟ್ಟಿನ ನೀರಿನ ಮಟ್ಟ ಮಳೆಗಾಲದಲ್ಲಿ ದಿನಾ ಪತ್ರಿಕೆಯಲ್ಲಿ ಬರುತ್ತದೆ. ಪೂರ್ಣ ಮಟ್ಟ 2859 ಅಡಿ, ಸಂಗ್ರಹ 8.5 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಒಳಹರಿವು 10,000 ಕ್ಯೂಸೆಕ್ (ಸೆಕೆಂಡಿಗೆ ಘನ ಅಡಿ), ಹೊರಹರಿವು 4,000 ಇದ್ದರೆ ಉಳಿಯುವ 6,000ವನ್ನು 86,400 ಸೆಕೆಂಡಿನಿಂದ ಗುಣಿಸಿ: ದಿನಕ್ಕೆ ಅರ್ಧ ಟಿಎಂಸಿ. ಮರುದಿನದ ಪತ್ರಿಕೆಯ ಸಂಗ್ರಹದ ಜತೆ ಹೋಲಿಸಿ ನೋಡಿ.

ಮಳೆಯನ್ನೂ ನೀವೇ ಅಳೆಯಬಹುದು. ಬಾಯಿ 16 ಸೆಂಟಿಮೀಟರ್ ಇರುವ ಅಡುಗೆಮನೆಯ ಆಲಿಕೆ, ಅದರಡಿ 5 ಲೀಟರ್ ಕ್ಯಾನ್. 20 ಮಿಲಿಲೀಟರಿಗೆ ಒಂದು ಮಿಲಿಮೀಟರ್ ಮಳೆ, ಅರ್ಧ ಲೀಟರಿಗೆ ಒಂದು ಇಂಚು. ಒಂದು ಲೀಟರಿನ ಬಾಟಲಿ ಇಟ್ಟರೆ ಜುಲೈ ರಾತ್ರಿ ಎರಡು ಇಂಚಿಗೇ ತುಂಬಿ ಚೆಲ್ಲುತ್ತದೆ, ಬೆಳಿಗ್ಗೆ ಎಷ್ಟು ಸುರಿಯಿತು ಎಂದು ಗೊತ್ತಾಗದು. ಮರ, ಮಾಡಿನಿಂದ ಅವುಗಳ ಎತ್ತರದ ಎರಡು ಪಟ್ಟು ದೂರ ಇಡಿ, ದಿನಾ ಬೆಳಿಗ್ಗೆ 8.30ಕ್ಕೆ ಓದಿ.

ವಿ ನಾಚ್ ಹಲಗೆಯನ್ನು ಮೇ ಕೊನೆಯ ವಾರದೊಳಗೆ ಕಿತ್ತು ತಂದಿಡಬೇಕು. ಬಿಟ್ಟರೆ ಮುಂಗಾರಿನ ನೀರು ಹಲಗೆ ಸುತ್ತಿಕೊಂಡು ಬದಿಯ ಮಣ್ಣು ಕೊರೆಯುತ್ತದೆ, ಪಕ್ಕದ ಗದ್ದೆಯ ಏರಿ ಒಡೆಯುತ್ತದೆ. ಗೂಟವನ್ನು ಮಾತ್ರ ಅಲ್ಲೇ ಬಿಡಿ. ಹುತ್ತರಿಯ ನಂತರ ಹಲಗೆ ಮತ್ತೆ ನಿಲ್ಲಿಸುವಾಗ ಮೊದಲ ಕೆಲಸ, ಗೂಟದ ತಲೆಯೂ ಕಚ್ಚಿನ ತುದಿಯೂ ಒಂದೇ ಮಟ್ಟದಲ್ಲಿವೆಯೇ ಎಂದು ಲೆವೆಲ್ ಟ್ಯೂಬ್ ಹಿಡಿದು ನೋಡುವುದು.